ಬರಿಗೈ ಅರ್ಧ ಗಂಟೆ

ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ಕಾಲು ದೋಣಿಯಲ್ಲಿ, ಎದೆಗೆ ಅವಚಿಕೊಂಡ ಬೂದಿಯ ಕುಡಿಕೆ. ಟೈಂಕೀಪರಮ್ಮ ಹಾಗೇ ನಿಂತುಬಿಟ್ಟಿದ್ದರು. ಅಲೆ ಬಂದಾಗಲೆಲ್ಲ ದೋಣಿ ಕಟ್ಟೆಯಿಂದ ಒಂದು ಗೇಣು ದೂರ ಸರಿಯುತ್ತಿತ್ತು, ಕಾಲುಗಳ ನಡುವಿನ ಅಂತರವೂ ಅಷ್ಟೇ ಹಿಗ್ಗುತ್ತಿತ್ತು.

"ಅಮ್ಮಾ, ಹತ್ತು, ಇಲ್ಲಾ ಇಳಿ. ಎರಡೂ ಕಡೆ ಕಾಲಿಟ್ಕೊಂಡು ಯಾರೂ ಉದ್ಧಾರ ಆಗಿಲ್ಲ," ಎಂದಳು ಚುಕ್ಕಾಣಿ ಹಿಡಿದು ನಿಂತಿದ್ದ ಮಗಳು.

"ನಿಮ್ಮಪ್ಪನ್ನ ಹಿಡ್ಕೊಂಡಿದೀನಿ ಕಣೆ. ಬಿದ್ರೆ ಇಬ್ಬರದ್ದೂ ಒಟ್ಟಿಗೇ ಮುಗಿಯುತ್ತೆ."

ಒಳಗಿನಿಂದ ಮೆಕ್ಯಾನಿಕ್ ಕೈ ಚಾಚಿದ. ಈ ದೋಣಿಯ ಇಂಜಿನ್ನನ್ನು ಮೊದಲ ದಿನದಿಂದ ನೋಡಿಕೊಂಡು ಬಂದವನು ಅವನೇ. ಕುಡಿಕೆಯೊಳಗಿದ್ದ ಕ್ಯಾಪ್ಟನ್ನರ ಬಲಗೈ ಆಗಿದ್ದವನು.

"ಕುಡಿಕೆ ಇತ್ತ ಕೊಡಿ ಅಕ್ಕ. ಆಮೇಲೆ ಆರಾಮಾಗಿ ಹತ್ತಿ."

"ಇಷ್ಟು ವರ್ಷ ನಿನ್ನ ಕೈಗೆ ಕೊಟ್ಟಿದ್ದೇ ಸಾಕು," ಎಂದು ಟೈಂಕೀಪರಮ್ಮ ಕಣ್ಣು ಮುಚ್ಚಿ ಹಾರಿಯೇಬಿಟ್ಟರು. ದೋಣಿಯಲ್ಲಿ ಮೊದಲೇ ಬಂದು ಕೂತಿದ್ದ ಹಲ್ಲಿನ ಡಾಕ್ಟರು ಎದ್ದು ಅವರಿಗೆ ಜಾಗ ಮಾಡಿಕೊಟ್ಟರು. ಕ್ಯಾಪ್ಟನ್ನರ ಹೆಂಡತಿ ಗಂಡನ ದೋಣಿಯಲ್ಲಿ ಕಾಲಿಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಕ್ಯಾಪ್ಟನ್ನರದು ಕಡಲಿನ ಕಸುಬು, ಆದರೆ ಬಲೆಯದಲ್ಲ. ರಜೆ ಸಿಕ್ಕವರನ್ನು ಕೂರಿಸಿಕೊಂಡು, ದಡ ಕಾಣದಷ್ಟು ದೂರ ಕರೆದೊಯ್ದು, ಕೈಗೆ ಗಾಳದ ಕೋಲು ಕೊಟ್ಟು, ದೊಡ್ಡ ಮೀನಿನ ಜೊತೆ ಗುದ್ದಾಡಿಸಿ, ಸಂಜೆಗೆ ವಾಪಸ್ ತಂದುಬಿಡುವುದು. ಸಂಜೆಗೆ ಎನ್ನುವುದು ಮಾತಿಗೆ. ಎಷ್ಟೊತ್ತಿಗೆ ಬರುತ್ತೀರಿ ಎಂದು ಯಾರು ಕೇಳಿದರೂ "ಇನ್ನರ್ಧ ಗಂಟೆ" ಎಂಬ ಉತ್ತರ ಅವರ ನಾಲಿಗೆ ತುದಿಯಲ್ಲೇ ಇರುತ್ತಿತ್ತು, ಮತ್ತು ಆ ಅರ್ಧ ಗಂಟೆ ರಬ್ಬರಿನ ಹಾಗೆ ಎಳೆದಷ್ಟೂ ಉದ್ದವಾಗುತ್ತಿತ್ತು. ಬಂದರಿನವರು ಅವರನ್ನು ಅರ್ಧಗಂಟೆ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಮೊನ್ನೆ ಮಧ್ಯಾಹ್ನ ಹೊಟ್ಟೆ ತುಂಬ ಉಂಡು, "ಅರ್ಧ ಗಂಟೆ ಅಡ್ಡಾಗ್ತೀನಿ" ಎಂದು ಮಲಗಿದವರು ಮತ್ತೆ ಏಳಲಿಲ್ಲ.

ಅಂಥವರು ಕಟ್ಟಿಕೊಂಡದ್ದು ಬಸ್ ನಿಲ್ದಾಣದ ಟೈಂಕೀಪರನ್ನು. ಮಣಿಕಟ್ಟಿನಲ್ಲಿ ಗಡಿಯಾರ, ಬಾಯಲ್ಲಿ ವಿಷಲ್. ಆಕೆ ಊದಿದರೆ ಡ್ರೈವರುಗಳು ಅರ್ಧ ಕುಡಿದ ಟೀ ಬಿಟ್ಟು ಓಡಿಬರಬೇಕು. ಒಮ್ಮೆ ಸ್ವಂತ ಅತ್ತೆ ಚೀಲ ಹೊತ್ತು ಏದುಸಿರು ಬಿಡುತ್ತ ಬರುತ್ತಿರುವುದು ಕಂಡರೂ ಹೊತ್ತಾಯಿತೆಂದು ಬಸ್ಸನ್ನು ಬಿಟ್ಟು ಕಳಿಸಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು ಎಂದು ಆ ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು.

*

ಮದುವೆಯಾದ ಹೊಸತರ ಒಂದು ಸಂಜೆ. ಏಳಕ್ಕೆ ಬರುತ್ತೇನೆ ಎಂದು ಹೇಳಿ ಹೋದವರಿಗಾಗಿ ಆಕೆ ಬಿಸಿಬಿಸಿಯಾಗಿ ಬಡಿಸಿ ಕಾದು ಕೂತಿದ್ದರು. ಏಳಾಯಿತು. ತಟ್ಟೆಯ ಮೇಲೆ ಒಂದು ಮುಚ್ಚಳ ಮುಚ್ಚಿದರು. ಮುಚ್ಚಳದ ಬಿಸಿ ಪೂರ್ತಿ ಇಳಿದ ಮೇಲೆ ಕ್ಯಾಪ್ಟನ್ ಬಾಗಿಲಲ್ಲಿ ಕಾಣಿಸಿಕೊಂಡರು. ತಲೆಗೂದಲು ಉಪ್ಪುಗಾಳಿಗೆ ಪೊರಕೆಯಾಗಿತ್ತು, ಮುಖದ ತುಂಬ ನಗು.

"ಹೊರಡೋ ಹೊತ್ತಿಗೆ ಸರಿಯಾಗಿ ಒಬ್ಬರಿಗೆ ಮೀನು ಕಚ್ಚಿಬಿಡ್ತು. ಏನು ಮಾಡ್ಲಿ ಹೇಳು?"

"ಊಟ ಆರಿಹೋಯ್ತು."

"ಆರಿದ್ರೇನೇ ರುಚಿ ಕಣೆ," ಎಂದು ಕೂತು, ತಟ್ಟೆ ತೊಳೆದಿಟ್ಟ ಹಾಗೆ ಖಾಲಿ ಮಾಡಿದರು. ಆಕೆಗೆ ಇನ್ನಷ್ಟು ಸಿಟ್ಟು ಬಂತು. ಬಿಸಿ ಊಟದ ಬೆಲೆ ಗೊತ್ತಿಲ್ಲದ ಗಂಡಸನ್ನು ಯಾವ ತಪ್ಪಿಗೆ ಬಯ್ಯುವುದು?

"ನಾಳೆ ನೀನೂ ದೋಣಿಗೆ ಬಾ. ನೋಡಿದ್ರೆ ನಿಂಗೇ ಗೊತ್ತಾಗುತ್ತೆ."

"ಹೇಳಿದ ಹೊತ್ತಿಗೆ ನೀವು ಬಂದ ದಿನ ನಾನು ನಿಮ್ಮ ದೋಣಿ ಹತ್ತೀನಿ. ಅಲ್ಲೀವರೆಗೂ ಆ ಸುದ್ದಿ ಎತ್ತಬೇಡಿ."

"ಅಷ್ಟೇ ತಾನೇ? ನಾಳೇನೇ ನೋಡು."

ಆ ನಾಳೆ ಬರಲೇ ಇಲ್ಲ. ಬದಲಿಗೆ ಅಡುಗೆಮನೆಯ ಕಪಾಟಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ, ಒಂದು ವೈರ್‌ಲೆಸ್ ಸೆಟ್ಟು ಬಂತು. ಸಂಜೆಯಾದರೆ ಅದು ಗರಗರ ಎಂದು ಗಂಟಲು ಸರಿಮಾಡಿಕೊಂಡು "ಇನ್ನರ್ಧ ಗಂಟೆ" ಎನ್ನುತ್ತಿತ್ತು. ಮಗಳು ಅಪ್ಪ ಅನ್ನುವ ಮೊದಲು ಆ ಮಾತು ಕಲಿತಳು. ತಟ್ಟೆಯ ಮುಚ್ಚಳ ದಿನವೂ ತೆಗೆದು ಮುಚ್ಚಿ, ಬಿದ್ದು ಎದ್ದು, ಒಂದು ಕಡೆ ನೆಗ್ಗಿಹೋಯಿತು.

ಊರೆಲ್ಲ ಇದನ್ನು ತಮಾಷೆ ಮಾಡುತ್ತಿತ್ತು, ಅವರೂ ಸೇರಿ ನಗುತ್ತಿದ್ದರು. ಆದರೆ ಟೈಂಕೀಪರಮ್ಮನ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಮುಳ್ಳು ಹಾಗೇ ಉಳಿದಿತ್ತು. ನನ್ನ ಬಿಸಿ ಊಟಕ್ಕಿಂತ, ನನಗಿಂತ ಹೆಚ್ಚಿನದು ಆ ನೀರಿನ ಮೇಲೆ ಏನಿದೆ? ಬಾಯಿಬಿಟ್ಟು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಆ ಮನುಷ್ಯ ನಿಜವನ್ನೇ ಹೇಳಿಬಿಟ್ಟರೆ ಎಂಬ ಭಯ.

*

ಇವತ್ತು ಆಕೆ ದೋಣಿಗೆ ಬರುವ ಮಾತೇ ಇರಲಿಲ್ಲ. ಬೂದಿಯನ್ನು ಕಡಲಿಗೆ ಬಿಡಲು ಮಗಳು, ಮೆಕ್ಯಾನಿಕ್, ಡಾಕ್ಟರು, ಮೂವರೇ ಹೋಗುವುದೆಂದು ತೀರ್ಮಾನವಾಗಿತ್ತು. ಬೆಳಿಗ್ಗೆ ಸುಡುಗಾಡಿನ ಗುಮಾಸ್ತ "ಹನ್ನೆರಡಕ್ಕೆ ಕೊಡ್ತೀವಿ" ಎಂದಿದ್ದ. ಗೋಡೆಯ ಗಡಿಯಾರದ ಎರಡೂ ಮುಳ್ಳು ಕೂಡಿಕೊಳ್ಳುವುದಕ್ಕೂ ಅವನು ಬಾಗಿಲು ತೆರೆದು ಕುಡಿಕೆಯನ್ನು ಆಕೆಯ ಕೈಗಿಡುವುದಕ್ಕೂ ಸರಿಹೋಯಿತು. ಟೈಂಕೀಪರಮ್ಮ ತಮ್ಮ ಕೈಗಡಿಯಾರ ನೋಡಿದರು, ಗೋಡೆ ನೋಡಿದರು, ಕುಡಿಕೆ ನೋಡಿದರು.

"ಬಂದ್ರಲ್ಲೇ," ಎಂದರು ಮಗಳಿಗೆ. "ನಿಮ್ಮಪ್ಪ ಹೇಳಿದ ಹೊತ್ತಿಗೆ ಬಂದ್ರು."

ಆಮೇಲೆ ಅವರು ನಕ್ಕ ನಗುವಿಗೆ ಗುಮಾಸ್ತ ಹೆದರಿ ನೀರು ತಂದುಕೊಟ್ಟ. ನಗು ಅಳುವಾಗಿ, ಅಳು ಮತ್ತೆ ನಗುವಾಗಿ, ಕೊನೆಗೆ ಮೂಗು ಒರೆಸಿಕೊಂಡು ಎದ್ದರು. ಮಾತು ಅಂದರೆ ಮಾತು. ನಾನೂ ದೋಣಿಗೆ ಬರ್ತೀನಿ ಎಂದರು.

ಮನೆಯಲ್ಲಿ ಊಟದ ಉಸ್ತುವಾರಿ ಹೊತ್ತಿದ್ದ ನಾದಿನಿಗೆ, ಅಂದರೆ ಕ್ಯಾಪ್ಟನ್ನರ ತಂಗಿಗೆ, ಹೊರಡುವಾಗ ಕಟ್ಟುನಿಟ್ಟಾಗಿ ಹೇಳಿದ್ದರು. "ಐದಕ್ಕೆ ವಾಪಸ್. ಐದು ಅಂದ್ರೆ ಐದು. ಜನಕ್ಕೆ ಹಾಗೇ ಹೇಳಿಕಳ್ಸು. ಒಂದು ದಿನವಾದ್ರೂ ಈ ಮನೆಯವರು ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂತ್ರು ಅಂತ ಊರು ನೋಡ್ಲಿ."

"ಕರ್ಕೊಂಡು ಹೋಗ್ತಿರೋದು ನಮ್ಮಣ್ಣನ್ನ ಅತ್ತಿಗೆ. ನೆನಪಿರ್ಲಿ," ಎಂದಿದ್ದಳು ನಾದಿನಿ.

ದೀಪಸ್ತಂಭ ದಾಟಿದ ಮೇಲೆ ನೀರಿನ ಬಣ್ಣ ಬದಲಾಯಿತು. ಗಾಳಿ ಹದವಾಗಿತ್ತು. ಹೊಟ್ಟೆ ತೊಳಸುತ್ತದೆ ಎಂದು ಹೆದರಿದ್ದ ಟೈಂಕೀಪರಮ್ಮ ಆರಾಮಾಗಿ ಕೂತಿದ್ದರು. ಬಸ್ಸಿನ ಗುಂಡಿ ರಸ್ತೆಗಿಂತ ಇದೇ ವಾಸಿ ಅನ್ನಿಸಿತು. ಎದುರಿಗೆ ಇಸ್ತ್ರಿ ಅಂಗಿಯಲ್ಲಿ ಹಲ್ಲಿನ ಡಾಕ್ಟರು ಕೈಕಟ್ಟಿ ಕೂತಿದ್ದರು. ವಾರ ತಪ್ಪದೆ ಬರುವ ಗಿರಾಕಿ. ಊರಿನವರೆಲ್ಲ ಇವರ ಮುಂದೆ ಬಾಯಿ ತೆರೆದರೂ ಮೀನು ಮಾತ್ರ ತೆರೆಯುವುದಿಲ್ಲ ಎಂದು ಕ್ಯಾಪ್ಟನ್ ರೇಗಿಸುತ್ತಿದ್ದುದು ಇವರನ್ನೇ.

"ಅವರನ್ನ ಬಯ್ಕೋಬೇಡಿ ಅಮ್ಮ," ಎಂದರು ಡಾಕ್ಟರು. "ತಡ ಆಗ್ತಿದ್ದಿದ್ದು ನನ್ನಂಥೋರಿಂದ. ಬರಿಗೈ ಅರ್ಧ ಗಂಟೆ ಇತ್ತಲ್ಲ."

"ಅದೇನದು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮೆಕ್ಯಾನಿಕ್ ಹೇಳಿದ.

"ಹೊರಡೋ ಹೊತ್ತಾಯ್ತು ಅಂದ್ರೆ ಎಲ್ರೂ ಗಾಳ ಸುತ್ತಿಡಬೇಕು ಅಕ್ಕ. ಅವತ್ತು ಯಾರಿಗೆ ಒಂದು ಮೀನೂ ಸಿಕ್ಕಿಲ್ವೋ, ಅವರೊಬ್ಬರು ಬಿಟ್ಟು. ಅವರಿಗೋಸ್ಕರ ಇನ್ನರ್ಧ ಗಂಟೆ. ಮಿಕ್ಕೋರೆಲ್ಲ ಸುಮ್ನೆ ಕೂತು ಕಾಯ್ಬೇಕು. ಬರಿಗೈಲಿ ಯಾರನ್ನೂ ಮನೆಗೆ ಕಳಿಸ್ಬಾರ್ದು ಅನ್ನೋರು."

"ಮೂರು ಅರ್ಧ ಗಂಟೆ ನನಗೋಸ್ಕರಾನೇ ಕಾದಿದ್ದಿದೆ," ಎಂದರು ಡಾಕ್ಟರು. "ಕೊನೆಗೆ ಬೆರಳುದ್ದದ್ದು ಒಂದು ಬಂತು. ಅದನ್ನ ಮೇಲಕ್ಕೆತ್ತಿದಾಗ ಕ್ಯಾಪ್ಟನ್ ಕುಣಿದುಬಿಟ್ರು. ನನ್ನ ಹೆಂಡತಿ ಗಂಡು ಹೆತ್ತಾಗಲೂ ನಮ್ಮಪ್ಪ ಹಾಗೆ ಕುಣೀಲಿಲ್ಲ."

"ಇದನ್ನ ಮನೇಲಿ ಒಂದು ದಿನ ಹೇಳಬಾರ್ದಿತ್ತಾ?"

"ಹೇಳಿದ್ರೆ ನೀನು ಬಯ್ಯೋಕಾಗ್ತಿರ್ಲಿಲ್ಲ," ಎಂದಳು ಮಗಳು. "ನಿನ್ನ ಬೈಗುಳ ನಂಚ್ಕೊಳ್ದೆ ಅಪ್ಪಂಗೆ ಊಟ ಇಳೀತಿರ್ಲಿಲ್ಲ."

ಟೈಂಕೀಪರಮ್ಮ ಕುಡಿಕೆಯ ಬಟ್ಟೆಯನ್ನು ಸರಿಮಾಡಿಕೊಂಡರು. ಅರ್ಧ ಮನಸ್ಸು ಕರಗಿತ್ತು, ಇನ್ನರ್ಧಕ್ಕೆ ಹೊಸ ಸಿಟ್ಟು ಬಂದಿತ್ತು. ಊರವರೆಲ್ಲ ಕೈ ತುಂಬಿಕೊಂಡು ಮನೆಗೆ ಹೋಗಲೆಂದು, ಮನೆಯಲ್ಲಿ ಬರಿಗೈಯಲ್ಲಿ ಕೂತವಳು ತಾನೊಬ್ಬಳೇ ಅಲ್ಲವೇ.

ದಡ ಒಂದು ಗೆರೆಯಾಗಿ ಕಾಣುವ ಕಡೆ ಮಗಳು ಇಂಜಿನ್ ನಿಲ್ಲಿಸಿದಳು. ಕ್ಯಾಪ್ಟನ್ನರಿಗೆ ಇಷ್ಟವಾದ ಜಾಗ ಇದೇ. ನಾಲ್ವರೂ ಎದ್ದು ನಿಂತರು. ಟೈಂಕೀಪರಮ್ಮ ಗಡಿಯಾರ ನೋಡಿಕೊಂಡರು. ಈಗ ಮುಗಿಸಿ ಹೊರಟರೆ ಐದಕ್ಕೆ ಮನೆ. ಕುಡಿಕೆಯ ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚಿದರು. ಡಾಕ್ಟರು ತಲೆ ತಗ್ಗಿಸಿದರು.

ಆಗ ಹಿಂದುಗಡೆಯಿಂದ ರೀಲು ಕಿರುಚಿಕೊಂಡಿತು.

ಎಲ್ಲರೂ ಬೆಚ್ಚಿಬಿದ್ದು ತಿರುಗಿದರು. ದೋಣಿಯ ಹಿಂಬದಿಯಲ್ಲಿ ಗಾಳದ ಕೋಲೊಂದು ಬಿಲ್ಲಿನ ಹಾಗೆ ಬಾಗಿ, ದಾರ ಸರಸರನೆ ನೀರಿಗೆ ಓಡುತ್ತಿತ್ತು. ಮೆಕ್ಯಾನಿಕ್ಕನ ಮುಖ ಬಿಳಿಚಿಕೊಂಡಿತು.

"ಯಾರು ಗಾಳ ಬಿಟ್ಟಿದ್ದು?" ಎಂದಳು ಮಗಳು.

"ದೀಪಸ್ತಂಭ ದಾಟಿದ ತಕ್ಷಣ ಬಿಡೋದು ಅಭ್ಯಾಸ," ಎಂದ ಅವನು ಸಣ್ಣ ದನಿಯಲ್ಲಿ. "ಕೈ ತಾನಾಗೇ ಬಿಟ್ಬಿಟ್ಟಿದೆ. ನಂಗೇ ಗೊತ್ತಿಲ್ಲ. ಕತ್ತರಿಸಿಬಿಡ್ತೀನಿ ಅಕ್ಕ, ತಪ್ಪಾಯ್ತು."

ಚಾಕು ತೆಗೆದವನು ಹಾಗೇ ನಿಂತ. ಡಾಕ್ಟರ ಕೈ ಅಷ್ಟರಲ್ಲಿ ಕೋಲಿನತ್ತ ಅರ್ಧ ದಾರಿ ಹೋಗಿತ್ತು, ಅದೂ ನಿಂತಿತು. ಮೂವರಿಗೂ ಒಂದೇ ಯೋಚನೆ ಬಂದಿರಬೇಕು. ಈ ದೋಣಿಯಲ್ಲಿ ಇದುವರೆಗೂ ಒಂದು ಮೀನನ್ನೂ ಹಿಡಿಯದವರು ಯಾರು? ಮೂವರೂ ನಿಧಾನಕ್ಕೆ ಟೈಂಕೀಪರಮ್ಮನ ಕಡೆ ತಿರುಗಿದರು.

"ನನ್ನನ್ನ್ಯಾಕೆ ನೋಡ್ತೀರಾ?"

"ದೋಣಿ ನಿಯಮ ಅಮ್ಮ," ಎಂದಳು ಮಗಳು. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ನೀನು ನಿಯಮದೋಳು ತಾನೇ."

ಆಕೆ ಕುಡಿಕೆ ನೋಡಿದರು. ಕೋಲು ನೋಡಿದರು. ಗಡಿಯಾರ ನೋಡಲಿಲ್ಲ.

"ಡಾಕ್ಟ್ರೇ, ಇವ್ರನ್ನ ಸ್ವಲ್ಪ ಹಿಡ್ಕೊಳ್ಳಿ."

ಕೋಲನ್ನು ಸೊಂಟಕ್ಕೆ ಆನಿಸಿಕೊಂಡ ಕೂಡಲೇ ಕೆಳಗಿನ ಜೀವ ತೋಳಿನೊಳಕ್ಕೆ ಬಂದು ಗುದ್ದಿತು. ಅಷ್ಟು ದೂರದಿಂದ, ಅಷ್ಟು ಆಳದಿಂದ, ಒಂದು ತೆಳ್ಳನೆಯ ದಾರದ ಗುಂಟ.

"ಎಳೀಬೇಡಿ ಅಕ್ಕ, ಓಡ್ಲಿ ಬಿಡಿ. ಸುಸ್ತಾದಾಗ ಸುತ್ತಿ."

"ಹೊರಟ ಬಸ್ಸನ್ನ ನಿಲ್ಲಿಸಿ ನಂಗೆ ಅಭ್ಯಾಸ ಇಲ್ವೋ."

"ಸುತ್ತಿ, ಈಗ ಸುತ್ತಿ. ಸಾಕು. ಬಿಡಿ."

ಮೀನು ಓಡಿತು, ನಿಂತಿತು, ಹತ್ತಿರ ಬಂದಂತೆ ಮಾಡಿ ಮತ್ತೆ ಓಡಿತು, ಹೀಗೇ ಎಷ್ಟೋ ಹೊತ್ತು. ಥೇಟ್ ಇವಳಪ್ಪನ ಹಾಗೇ ಎಂದು ಆಕೆ ಹಲ್ಲು ಕಚ್ಚಿ ಬಯ್ದರು. ತಲೆಗೂದಲು ಬಿಚ್ಚಿಹೋಯಿತು. ಡಾಕ್ಟರು ಕುಡಿಕೆಯನ್ನು ಎದೆಗೊತ್ತಿಕೊಂಡು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓಡುತ್ತ, "ನೋಡಿ ಕ್ಯಾಪ್ಟನ್, ನೋಡಿ," ಎಂದು ಅದಕ್ಕೇ ವರದಿ ಒಪ್ಪಿಸುತ್ತಿದ್ದರು. ಟೈಂಕೀಪರಮ್ಮನ ಭುಜ ಉರಿಯುತ್ತಿತ್ತು, ಆದರೂ ಇಷ್ಟು ಖುಷಿ ತಮಗೆ ಯಾವಾಗ ಆಗಿತ್ತೆಂದು ನೆನಪಿಗೆ ಬರಲಿಲ್ಲ. ತನಗಿಂತ ಹೆಚ್ಚಿನದೇನೂ ಇಲ್ಲಿರಲಿಲ್ಲ. ಇದನ್ನು ಒಂದು ದಿನ ತನ್ನ ಕೈಗೆ ಕೊಡಬೇಕೆಂದೇ ಆ ಮನುಷ್ಯ ಬಾ ಬಾ ಎಂದು ಕರೆಯುತ್ತಿದ್ದದ್ದು.

ಆಗ ಚುಕ್ಕಾಣಿಯ ಪಕ್ಕದ ವೈರ್‌ಲೆಸ್ಸು ಗರಗರ ಎಂದಿತು. ನಾದಿನಿಯ ದನಿ.

"ಅತ್ತಿಗೇ, ಕೇಳಿಸ್ತಿದ್ಯಾ? ಐದು ಹೊಡೀತು. ಜನ ಎಲ್ಲ ಬಂದು ಕೂತಿದಾರೆ. ಅಡುಗೆ ಆರ್ತಾ ಇದೆ. ಎಲ್ಲಿದೀರಾ?"

ಮಗಳು ಮೈಕನ್ನು ತಂದು ತಾಯಿಯ ಬಾಯಿಗೆ ಹಿಡಿದಳು. ಆಕೆಯ ಎರಡೂ ಕೈ ಕೋಲಿನ ಮೇಲಿತ್ತು, ಏದುಸಿರು ಬರುತ್ತಿತ್ತು.

"ಇನ್ನರ್ಧ ಗಂಟೆ," ಎಂದರು.

ಸೆಟ್ಟು ಗರಗರ ಎಂದಿತು. ಆಮೇಲೆ ಆ ಅಡುಗೆಮನೆಯಿಂದ, ನಡುಮನೆಯಿಂದ, ಸಾವಿನ ಮನೆಗೆ ಬಂದು ಮೆತ್ತಗೆ ಮಾತಾಡುತ್ತ ಕೂತಿದ್ದ ಅಷ್ಟೂ ಜನರ ನಗು ಒಟ್ಟಿಗೇ ಕೇಳಿಸಿತು.

ಮೀನು ಮೇಲೆ ಬಂತು. ತೋಳುದ್ದ ಇತ್ತು, ಬೆಳ್ಳಿ ಹೊಟ್ಟೆ. ಟೈಂಕೀಪರಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ, ಡಾಕ್ಟರ ಕೈಯಲ್ಲಿದ್ದ ಕುಡಿಕೆಗೆ ತೋರಿಸಿದರು. ಮನೆಗೆ ಒಯ್ಯೋಣವೇ ಎಂದು ಮೆಕ್ಯಾನಿಕ್ ಕೇಳಿದ.

"ಬಿಟ್ಬಿಡು. ಅದಕ್ಕೂ ಮನೇಲಿ ಯಾರೋ ಕಾಯ್ತಿರ್ತಾರೆ."

ಮೀನು ಹೋದ ಜಾಗದಲ್ಲೇ ಆಕೆ ಬೂದಿಯನ್ನು ನಿಧಾನವಾಗಿ ಸುರಿದರು. ನೀರು ಒಂದಿಷ್ಟು ಹೊತ್ತು ಬೆಳ್ಳಗಿದ್ದು ತಿಳಿಯಾಯಿತು. "ನೀವು ಬಂದ್ರಿ, ನಾನು ಹತ್ತಿದೆ. ಇನ್ನು ಯಾವ ಬಾಕೀನೂ ಇಲ್ಲ," ಎಂದರು. ಅಷ್ಟು ಹೇಳುವಾಗ ಮಾತ್ರ ದನಿ ಒಡೆಯಿತು.

*

ದೀಪ ಹಚ್ಚಿದ ಮೇಲೆ ಮನೆ ಮುಟ್ಟಿದರು. ಬಂದವರೆಲ್ಲ ಉಂಡಿದ್ದರು, ಆದರೆ ಒಬ್ಬರೂ ಎದ್ದು ಹೋಗಿರಲಿಲ್ಲ. ನಾದಿನಿ ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲೇ ನಿಂತಿದ್ದಳು. ಅತ್ತಿಗೆಯ ಕೆದರಿದ ತಲೆ, ಒದ್ದೆ ತೋಳು, ಬರಿದಾದ ಕುಡಿಕೆ, ಎಲ್ಲವನ್ನೂ ನೋಡಿ, ಬಯ್ಯಲೆಂದು ತೆರೆದ ಬಾಯನ್ನು ಮುಚ್ಚಿಕೊಂಡು ಅಡುಗೆಮನೆಯತ್ತ ಕೈ ತೋರಿಸಿದಳು.

ವೈರ್‌ಲೆಸ್ ಸೆಟ್ಟಿನ ಕೆಳಗೆ, ಮೇಜಿನ ಮೇಲೆ ಒಂದು ತಟ್ಟೆ ಇತ್ತು. ಅದರ ಮೇಲೆ ಆ ನೆಗ್ಗಿದ ಮುಚ್ಚಳ.

"ಬಿಸಿ ಮಾಡ್ಕೊಡ್ಲಾ?"

"ಬೇಡ. ಹೀಗೇ ಇರ್ಲಿ."

ಟೈಂಕೀಪರಮ್ಮ ಕೈ ತೊಳೆದು ಕೂತು ಮುಚ್ಚಳ ತೆಗೆದರು. ತಣ್ಣಗಾದ ಮೊದಲ ತುತ್ತು ಬಾಯಿಗಿಟ್ಟು, ಸ್ವಲ್ಪ ಹೊತ್ತು ಅಗಿದು, ಎರಡನೆಯದಕ್ಕೆ ಕೈ ಹಾಕಿದರು. ಕೈಗಡಿಯಾರದ ಗಾಜಿನ ಮೇಲೆ, ಮುಳ್ಳುಗಳ ನೆತ್ತಿಗೆ ಸರಿಯಾಗಿ, ಮೀನಿನ ಹುರುಪೆಯೊಂದು ಅಂಟಿಕೊಂಡು ಹೊಳೆಯುತ್ತಿತ್ತು. ಆಕೆ ಅದನ್ನು ಕೆರೆಯದೆ ಉಣ್ಣುತ್ತಿದ್ದರು.