ಚಂದ್ರಿಕೆಗೆ ಬಿಸಿಲು

ಬೈರಕೂರಿನ ಆಂಜಿನಮ್ಮನ ಮನೆಯಲ್ಲಿ ರೇಷ್ಮೆಹುಳುವಿಗಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಇದು ೧೯೩೮ರ ಮಾತು. ಹುಳು ಸಾಕುವ ಕೋಣೆಗೆ ಕಿಟಕಿಯಿಲ್ಲ, ಬಾಗಿಲಿಗೆ ಗೋಣಿತಾಟು. ಸೊಪ್ಪು ಹಾಕುವವಳು ಹೊರಗಿನವರ ಗಾಳಿ ಸೋಕಿಸಿಕೊಂಡು ಬಂದರೆ ಹುಳು ಕೆಡುತ್ತದೆಂಬುದು ಆ ಮನೆಯ ಕಟ್ಟಳೆ. ಹಾಗಾಗಿ ಸೊಸೆ ಭಾರತಮ್ಮ ಮೂರು ವರ್ಷದಿಂದ ಬೆಳಕು ಹರಿಯುವ ಮೊದಲೇ ಹೊರಗೆ ಹೋಗಿ ಬಂದು ಒಳಸೇರುತ್ತಿದ್ದಳು. ಮಗ ಕದಿರೇಶ ಬೆಳೆದದ್ದೂ ಅಲ್ಲೇ.

ಎರಡು ವರ್ಷ ತುಂಬಿದರೂ ಅವನು ನಿಲ್ಲುತ್ತಿರಲಿಲ್ಲ. ಎತ್ತಿ ನಿಲ್ಲಿಸಿದರೆ ಕಾಲು ಬಾಗುತ್ತಿತ್ತು. ಭಾರತಮ್ಮನಿಗೂ ಕೂತರೆ ಏಳಲು ಗೋಡೆ ಬೇಕು. ಮೊದಮೊದಲು ಅಳು ಬರುತ್ತಿತ್ತು, ಈಗ ಅದೂ ಇಲ್ಲ. ಸೊಪ್ಪು ಹಾಕುವುದು, ಕಸ ತೆಗೆಯುವುದು, ಅಷ್ಟೆ.

ಕೊನೆಗೆ ಗಂಡ ಸುಬ್ಬರಾಯಪ್ಪ ಮಗುವನ್ನು ಮುಳಬಾಗಿಲಿನ ಡಾಕ್ಟರಿಗೆ ತೋರಿಸಿ ಬಂದ.

"ಮೂಳೆ ಮೆತ್ತಗಾಗಿದ್ಯಂತಮ್ಮ. ಇವಳ ಸೊಂಟನೋವೂ ಅದೇ ಇರ್ಬೋದಂತೆ. ಮೀನೆಣ್ಣೆ ಕೊಟ್ಟವ್ರೆ. ಇಬ್ರೂ ದಿನಾ ಬಿಸಿಲಲ್ಲಿ ಕೂತ್ಕೋಬೇಕಂತೆ. ಈಗ ಬಿಟ್ರೆ ಮಗು ಕಾಲು ಹಂಗೇ ಉಳ್ಕೊಂಡ್ಬಿಡ್ತದಂತೆ."

"ಹುಳ ಕೆಟ್ರೆ ನಿನ್ ಡಾಕ್ಟ್ರು ಬಂದು ಹಿಟ್ಟು ಹಾಕ್ತಾನೇನ್ಲಾ?" ಆಂಜಿನಮ್ಮ ರೇಗಿದಳು.

ಅವಳದು ಬರೀ ಹಟವಲ್ಲ. ಹಿಂದೊಮ್ಮೆ ಸುಣ್ಣಕಟ್ಟು ರೋಗ ಬಂದು ಹುಳುವೆಲ್ಲ ಸತ್ತು, ಮನೆಮಂದಿ ತಿಂಗಳುಗಟ್ಟಲೆ ಗೆಣಸು ಬೇಯಿಸಿ ತಿಂದಿದ್ದರು. ಆ ಹೆದರಿಕೆ ಇನ್ನೂ ಹೊಟ್ಟೆಯಲ್ಲಿತ್ತು. ಭಾರತಮ್ಮ ಮಾತ್ರ ಇಬ್ಬರ ಮಾತನ್ನೂ ಬೇರೆ ಯಾರದೋ ಸಂಗತಿಯೆಂಬಂತೆ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಆಂಜಿನಮ್ಮ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅಂಗಳದಲ್ಲಿ ಬಿಸಿಲಿಗೆ ಇಟ್ಟಳು. ಪ್ರತಿ ಬೆಳೆಗೂ ಇದು ಆಗಲೇಬೇಕು. ಅಷ್ಟರಲ್ಲಿ ಗೋಣಿತಾಟು ಸರಿಯಿತು. ಭಾರತಮ್ಮ ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ಗೋಡೆ ಹಿಡಿದು ಬಂದು, ಚಂದ್ರಿಕೆಯ ಪಕ್ಕ ಇದ್ದ ಚೂರು ಜಾಗದಲ್ಲಿ ಅವನನ್ನು ಕೂರಿಸಿ ತಾನೂ ಕೂತಳು.

"ಏನೇ ಇದು?"

"ಈ ಚಂದ್ರಿಕೆಗಳ್ನ ಬಿಸಿಲಿಗೆ ಯಾಕೆ ಇಕ್ತೀರತ್ತೆ?"

"ಬಿಸಿಲು ಬೀಳ್ದಿದ್ರೆ ರೋಗ ಹತ್ಕೊಳ್ತದೆ ಕಣೇ. ಗೊತ್ತಿಲ್ವಾ?"

"ಗೊತ್ತು," ಎಂದಳು ಭಾರತಮ್ಮ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ.

ಬೈಯಲು ಬಾಯಿ ತೆರೆದ ಆಂಜಿನಮ್ಮ ಮೊಮ್ಮಗನ ಕಾಲು ನೋಡಿದಳು. ಅಯ್ಯೋ, ಒಳಗಿನ ಮಬ್ಬಿನಲ್ಲಿ ಅದು ಇಷ್ಟು ಸೊಟ್ಟಗಿರುವುದು ಕಂಡೇ ಇರಲಿಲ್ಲ. ಚಂದ್ರಿಕೆಯ ನೆರಳು ಅವನ ಮಂಡಿಯ ಮೇಲೆ ಬಿದ್ದಿತ್ತು. ಗೊಣಗುತ್ತಲೇ ಅದನ್ನೆತ್ತಿ ಸೂರಿನ ಕೆಳಗೆ, ನೆರಳಿಗೆ ಇಟ್ಟಳು.

"ಮಿಂದ್ಕೊಂಡು ಬಂದು ಸೊಪ್ಪು ನಾನು ಹಾಕ್ತೀನಿ. ನೀನು ಕೂತ್ಕೋ."

ಭಾರತಮ್ಮನ ಬೆನ್ನು ಬಿಸಿಲಿಗೆ ಚುರುಗುಟ್ಟತೊಡಗಿತು. ಎಷ್ಟೋ ಕಾಲದ ಮೇಲೆ ಅವಳಿಗೆ ಏನೋ ಒಂದು ತಾಕಿತ್ತು.