ವಾಪಸು ಬಂದ ಹಸಿರು

ಟಿಕ್ ಎಂದದ್ದು ಲ್ಯಾಬಿನಲ್ಲಿ ಬಣ್ಣ ನೋಡುತ್ತಿದ್ದ ದೀಪದ ಪೆಟ್ಟಿಗೆಯ ಸ್ವಿಚ್ಚಲ್ಲ, ಅದು ಈಗ ಯಾವ ಗುಜರಿಯಲ್ಲಿ ಬಿದ್ದಿದೆಯೋ, ಟಿಕ್ ಎಂದದ್ದು ಮಡಚಿದ ಟವೆಲಿನ ಮೇಲೆ ಬೋರಲು ಹಾಕಿದ್ದ ಮೊಬೈಲು, ಗಂಡನಿಗೆ ಎಚ್ಚರವಾಗದಿರಲೆಂದು ಸದ್ದನ್ನು ಅಷ್ಟು ಸಣ್ಣಗೆ ಇಳಿಸಿದವಳು ಅವಳೇ, ಆದರೂ ಕೇಳಿಸಿತು, ಎಂಟು ದಿನದಿಂದ ಅದೊಂದೇ ಸದ್ದಿಗೆ ಕಿವಿ ಕೊಟ್ಟು ಕೂತವಳಿಗೆ ಕೇಳಿಸದೆ ಇರುತ್ತದೆಯೇ, ಹನ್ನೊಂದೂಮುಕ್ಕಾಲು, ಈ ಹೊತ್ತಿನಲ್ಲಿ ಯಾರು, ಸಾಲ ಕೊಡುತ್ತೇವೆ ಎನ್ನುವ ಕಂಪನಿಯವರೂ ಮಲಗಿರುತ್ತಾರೆ — ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತಲ್ಲೇ ಕೂತಳು, ಲ್ಯಾಪ್‌ಟಾಪಿನ ಪರದೆಯ ಮೇಲೆ ಅವಳದೇ ಮುಖ, ಅದರ ಪಕ್ಕದಲ್ಲಿ ಖಾಲಿ ಚೌಕ, ನಿಮ್ಮ ಬಗ್ಗೆ ಬರೆಯಿರಿ, ಬರೆಯಿರಿ ಎಂದರೆ ಏನನ್ನು, ಹದಿನೇಳು ವರ್ಷ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ನಿಂತು ಈ ಹಸಿರೂ ಆ ಹಸಿರೂ ಒಂದೇ ಹೌದೋ ಅಲ್ಲವೋ ಎಂದು ಹೇಳುತ್ತಿದ್ದೆ ಎಂದು ಬರೆಯುವುದೇ, ಏಳು ತಿಂಗಳ ಹಿಂದೆ ಗೇಟಿಗೆ ಬೀಗ ಬಿದ್ದ ಮೇಲೆ ಅಡುಗೆಮನೆಯ ಗೋಡೆಯನ್ನೇ ನೋಡುತ್ತಿದ್ದೇನೆ, ಇದಕ್ಕೆ ಮೂರು ಸಲ ಬಳಿದಿದ್ದಾರೆ, ಮೂರೂ ಬೇರೆ ಬೇರೆ ಬಿಳಿ, ಯಾರಿಗೂ ಕಾಣುವುದಿಲ್ಲ ಎಂದು ಬರೆಯುವುದೇ. ನಾದಿನಿ ಕೇಳಿದರೆ ತಲೆ ಚಚ್ಚಿಕೊಳ್ಳುತ್ತಾಳೆ. ಅಯ್ಯೋ ಅತ್ತಿಗೆ, ನಿಮ್ಮ ಪ್ರೊಫೈಲು ನೋಡೋರಿಗೆ ಆರು ಸೆಕೆಂಡೂ ಪುರುಸೊತ್ತಿರಲ್ಲ, ಮೇಲಿನ ಸಾಲಲ್ಲೇ ಹಿಡೀಬೇಕು, ಮೀನು ಹಿಡಿದ ಹಾಗೆ. ವಿಮೆ ಕಚೇರಿಯಲ್ಲಿ ಮೂರು ಕೆಲಸ ಬದಲಾಯಿಸಿದವಳು ಅವಳು, ಮೂರನ್ನೂ ಕೆಲಸ ಹುಡುಕುವ ಈ ಜಾಲದಲ್ಲೇ ಹಿಡಿದವಳು, ಅವಳ ಮಾತು ತಳ್ಳಿಹಾಕುವ ಹಾಗಿಲ್ಲ.

ಹೋದ ಭಾನುವಾರ ಇದೇ ಮೇಜಿನ ಮುಂದೆ ಇಬ್ಬರೂ ಕೂತು ಪುಟ ತುಂಬಿಸಲು ಶುರುಮಾಡಿದ್ದರು, ಮೊದಲು ಫೋಟೋ, ಕೆಂಪು ಬಟ್ಟೆ ಹಾಕ್ಕೊಳ್ಳಿ ಅತ್ತಿಗೆ, ಕಳೆ ಬರತ್ತೆ, ಇವಳು ಬೀರುವಿನ ತಳದಿಂದ ಲ್ಯಾಬಿನ ಬೂದು ಕೋಟು ತೆಗೆದಳು, ಕೆಂಪು ಹಾಕಿ ಬಣ್ಣ ನೋಡಿದರೆ ಅದರ ಛಾಯೆ ಬಣ್ಣ ಬಳಿದ ಮಾದರಿ ಕಾರ್ಡಿನ ಮೇಲೆ ಬೀಳುತ್ತದೆ, ಬಣ್ಣ ನೋಡುವವರು ಬೂದೇ ಹಾಕುವುದು, ಅದು ಗೊತ್ತಿರುವವರು ಫೋಟೋ ನೋಡಿದ ಕೂಡಲೇ ಇವಳು ನಮ್ಮವಳು ಅನ್ನುತ್ತಾರೆ. ನಾದಿನಿ ಸೊಂಟದ ಮೇಲೆ ಕೈಯಿಟ್ಟು, ಹೆಣದ ಮನೆ ಕಾವಲಿಗೆ ಅರ್ಜಿ ಹಾಕೋ ಥರ ಇದೆ ಅಂದಳು, ಆಚೆ ಕೋಣೆಯಿಂದ ಗಂಡ, ಲಿಫ್ಟು ರಿಪೇರಿ ಮಾಡುವವನು, ಮೇಲೆ ಕೆಳಗೆ ಓಡಾಡಿ ಸಾಕಾಗಿ ಮಲಗಿದ್ದವನು, ಆ ಕೆಲಸಾನಾದ್ರೂ ಸಿಗತ್ತಾ ಕೇಳು ಎಂದು ಕೂಗಿದ, ಮೂವರೂ ನಕ್ಕರು. ಫೋಟೋ ಬೂದು ಕೋಟಿನದೇ ಉಳಿಯಿತು. ಆಮೇಲೆ ಮಾತುಗಳು. ಉತ್ಸಾಹಿ — ಬೇಡ. ಶ್ರಮಜೀವಿ — ಎಲ್ಲರೂ ಹಾಕ್ಕೊಳ್ತಾರೆ, ತೆಗೀರಿ. ಪರಿಣತೆ, ನಾಯಕಿ, ತಂಡದೊಂದಿಗೆ ಬೆರೆಯುವವಳು, ಒಂದೊಂದು ಮಾತನ್ನೂ ಅವಳು ಮನಸ್ಸಿನಲ್ಲೇ ದೀಪದ ಪೆಟ್ಟಿಗೆಯೊಳಗಿಟ್ಟು ನೋಡಿದಳು, ಮೂರು ಸ್ವಿಚ್ಚು, ಟಿಕ್, ಅಂಗಡಿಯ ಟ್ಯೂಬಿನ ಬೆಳಕು, ಪರವಾಗಿಲ್ಲ, ಟಿಕ್, ಮನೆಯ ಹಳದಿ ಬಲ್ಬು, ಚೆನ್ನಾಗಿಯೇ ಕಾಣುತ್ತದೆ, ಟಿಕ್, ಹಗಲು ಬೆಳಕು, ಅಲ್ಲಿ ನಾಯಕಿ ಬಿಳುಚಿಕೊಂಡುಬಿಟ್ಟಳು. ಲೆಕ್ಕ ಹೇಳಿ ಅತ್ತಿಗೆ, ಅಂಕಿ ಹಾಕಿದ್ರೆ ಜನ ನಂಬ್ತಾರೆ, ದಿನಕ್ಕೆ ಎಷ್ಟು ಬ್ಯಾಚು, ಎಷ್ಟು ಬಣ್ಣ. ದಿನಕ್ಕೆ ಎಂಟು. ಬಣ್ಣ ಎರಡು ಸಾವಿರದ ಮೇಲೆ. ಅಬ್ಬ, ಇದನ್ನ ಹೊಟ್ಟೇಲಿಟ್ಟುಕೊಂಡು ಕೂತಿದ್ರಾ! ಅದನ್ನು ಮೇಲಿನ ಸಾಲಿನಲ್ಲಿ ಬರೆದದ್ದಕ್ಕೇ ಇರಬೇಕು, ಬುಧವಾರ ಕಾರುಗಳ ಬಣ್ಣ ಮಾಡುವ ಕಂಪನಿಯಿಂದ, ಕೆಲಸಕ್ಕೆ ಜನ ಆರಿಸುವ ಹೆಂಗಸಿನಿಂದ ಎರಡು ಸಾಲು ಬಂತು, ನಮಗೆ ಕಣ್ಣಿರುವವರು ಬೇಕು, ನಿಮ್ಮ ಪುಟ ಪೂರ್ತಿ ಮಾಡಿ, ಸೋಮವಾರ ಹತ್ತು ಗಂಟೆಗೆ ತೆರೆದು ನೋಡುತ್ತೇವೆ, ಮೇಲಿನವರೊಬ್ಬರ ಶಿಫಾರಸು ಇರಲೇಬೇಕು. ಸೋಮವಾರ ಎಂದರೆ ನಾಳೆ.

ಮೇಲಿನವರು ಎಂದರೆ ಒಬ್ಬರೇ. ಲ್ಯಾಬಿನ ಮುಖ್ಯಸ್ಥರು, ಎಲ್ಲರೂ ಬೆನ್ನ ಹಿಂದೆ ಮೌನಿ ಸಾರ್ ಎನ್ನುತ್ತಿದ್ದರು, ಹೂಂ ಎಂದರೆ ಡ್ರಮ್ಮು ಲಾರಿಗೆ, ಊಹೂಂ ಎಂದರೆ ಡ್ರಮ್ಮು ಮತ್ತೆ ಬಣ್ಣ ಬೆರೆಸುವ ಕಡಾಯಿಗೆ, ಹನ್ನೆರಡು ವರ್ಷ ಅವರ ಪಕ್ಕದಲ್ಲಿ ನಿಂತು ಅವಳು ಕೇಳಿದ್ದು ಹೆಚ್ಚೂಕಡಿಮೆ ಆ ಎರಡೇ ಮಾತು, ಅವರು ಲ್ಯಾಬು ಬಿಟ್ಟ ಮೇಲೆ ಅಲ್ಲಿಗೆ ಬೇರೆ ಮುಖ್ಯಸ್ಥರು ಬರಲಿಲ್ಲ, ಬಣ್ಣ ಅಳೆಯುವ ಯಂತ್ರ ಬಂತು, ಯಂತ್ರ ಶಿಫಾರಸು ಬರೆಯುತ್ತದೆಯೇ. ಕೇಳುವುದಕ್ಕೇ ಅವಳಿಗೆ ನಾಲಗೆ ಏಳಲಿಲ್ಲ, ಈ ಜಾಲಕ್ಕೆ ಕಾಲಿಟ್ಟ ಮರುದಿನವೇ ನಾದಿನಿ ಅವಳ ಕೈಯಿಂದ ಮೊಬೈಲು ಕಸಿದುಕೊಂಡು ತಾನೇ ಒತ್ತಿಬಿಟ್ಟಳು, ಶಿಫಾರಸು ಕೋರಿ, ಒತ್ತಿದ್ದಾಯ್ತು, ಹಲ್ಲು ಕೀಳಿಸಿಕೊಳ್ಳೋದೇ ಇಷ್ಟು ಕಷ್ಟ ಅಲ್ಲ ಅತ್ತಿಗೆ. ಅದಕ್ಕೆ ಎಂಟು ದಿನ. ಅವಳು ಮೊಬೈಲನ್ನು ಮೆಲ್ಲಗೆ ಮಗುಚಿದಳು. ಅವರೇ. ಆರು ಸಾಲು. ಮೌನಿ ಸಾರ್ ಆರು ಸಾಲು ಬರೆದಿದ್ದಾರೆ, ಒಂದು ಕೈಬೆರಳಿನಿಂದ ಒತ್ತಿ ಒತ್ತಿ ಎಷ್ಟು ಹೊತ್ತು ಬರೆದರೋ, ಅವಳು ಓದಿದಳು, ಇವರು ನನ್ನ ಲ್ಯಾಬಿನಲ್ಲಿ ಹನ್ನೆರಡು ವರ್ಷ ಇದ್ದರು. ಒಂದು ದಿನವೂ ತಡವಾಗಿ ಬಂದಿಲ್ಲ. ಇವರ ಕಣ್ಣಿಗೆ ಕಂಡದ್ದು ಯಂತ್ರಕ್ಕೆ ಆಮೇಲೆ ಕಾಣುತ್ತದೆ. ಗೊತ್ತಿಲ್ಲದಿದ್ದರೆ ಕೇಳುತ್ತಾರೆ. ಇವರು ಪಾಸು ಮಾಡಿದ ಒಂದೇ ಒಂದು ಬ್ಯಾಚೂ ವಾಪಸು ಬಂದಿಲ್ಲ. ಕೆಲಸ ಕೊಡಿ. ಅವಳು ಮತ್ತೆ ಓದಿದಳು, ನಾಲ್ಕನೆಯ ಸಾಲಿನವರೆಗೆ ಕಣ್ಣು ತುಂಬುತ್ತ ಬಂದದ್ದು ಐದನೆಯದರಲ್ಲಿ ತಟ್ಟನೆ ಒಣಗಿತು. ಕೆಳಗೆ ಎರಡು ಗುಂಡಿ, ಪ್ರೊಫೈಲಿನಲ್ಲಿ ತೋರಿಸಿ, ಬದಲಾವಣೆ ಕೇಳಿ.

ತೋರಿಸಿದರೆ ಮುಗಿಯಿತು, ಒಂದು ಬೆರಳು, ಹಲ್ಲು ಕೀಳಿಸಿಕೊಳ್ಳುವಷ್ಟೂ ಕಷ್ಟವಿಲ್ಲ. ಆದರೆ ಒಂದು ಬ್ಯಾಚು ವಾಪಸು ಬಂದಿತ್ತಲ್ಲ, ಸಾರ್. ಐದು ವರ್ಷದ ಹಿಂದೆ, ಆಸ್ಪತ್ರೆಯೊಂದರ ಕಾರಿಡಾರಿಗೆ ಹೋಗುವ ತಿಳಿಹಸಿರು, ಎರಡನೆಯ ಲಾರಿ, ಮೊದಲನೆಯ ಲಾರಿಯ ಹಸಿರಿಗೆ ಸರಿಹೊಂದಬೇಕು, ಸಂಜೆ ಆರೂವರೆ, ಕಿಟಕಿಯಲ್ಲಿ ಬೆಳಕಿಲ್ಲ, ದೀಪದ ಪೆಟ್ಟಿಗೆಯ ಹಗಲು ಟ್ಯೂಬು ಆ ಮಧ್ಯಾಹ್ನವೇ ಸತ್ತಿದೆ, ಸ್ಟೋರಿನವನು ಅಷ್ಟೇ ಉದ್ದದ ಮಾಮೂಲಿ ಟ್ಯೂಬು ತಂದು ಸಿಕ್ಕಿಸುತ್ತಿದ್ದಾನೆ, ಬೆಳಕು ಬೆಳಕೇ ತಾನೇ ಅಕ್ಕಾ, ಬಿಳಿಯಾಗೇ ಇದೆಯಲ್ಲ, ಹೊರಗೆ ಲಾರಿ ಹಾರನ್ನು ಬಡಿಯುತ್ತಿದೆ — ಎಲ್ಲ ಬೆಳಕೂ ಒಂದೇ ಅಲ್ಲ ಎಂದು ಅವಳಿಗೆ ಗೊತ್ತು, ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು, ಒಂದು ಬೆಳಕಿನಲ್ಲಿ ಅವಳಿಜವಳಿ ಎನಿಸುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಪರಿಚಯವೇ ಇಲ್ಲದವರ ಹಾಗೆ ನಿಲ್ಲುತ್ತವೆ, ಹೊಸಬರಿಗೆ ಮೊದಲ ದಿನ ಅವಳು ಹೇಳಿಕೊಡುತ್ತಿದ್ದ ಪಾಠವೇ ಅದು, ಆದರೂ ಎರಡು ಕಾರ್ಡನ್ನು ಅಕ್ಕಪಕ್ಕ ಇಟ್ಟಳು, ಅಂಚಿಗೆ ಅಂಚು ತಾಗಿಸಿ, ಟಿಕ್, ಹಸಿರು, ಹಸಿರು, ಸಹಿ ಹಾಕಿದಳು. ಮರುದಿನ ಸರಿಯಾದ ಟ್ಯೂಬು ಬಂತು, ಹಾಕಿಸಿದಳು, ಆ ಕಾರ್ಡುಗಳನ್ನು ತೆಗೆದು ಮತ್ತೊಮ್ಮೆ ನೋಡಲಿಲ್ಲ, ಮರೆತೆ ಎಂದು ಐದು ವರ್ಷ ತನಗೆ ತಾನೇ ಹೇಳಿಕೊಂಡಿದ್ದಾಳೆ, ಮರೆಯಲಿಲ್ಲ, ಹೆದರಿದಳು. ಮೂರು ವಾರಕ್ಕೆ ದೂರು ಬಂತು, ಬೆಳಿಗ್ಗೆ ಕಿಟಕಿಯ ಬಿಸಿಲು ಬಿದ್ದರೆ ಕಾರಿಡಾರಿನ ಅರ್ಧ ಗೋಡೆ ಹಸಿರು, ಅರ್ಧ ಬೂದಿ, ರೋಗಿಗಳು ಕೇಳುತ್ತಾರೆ ಇಲ್ಲಿಂದಾಚೆ ಯಾವ ವಾರ್ಡು ಅಂತ. ಮಾಲೀಕರ ಕೋಣೆ, ಉದ್ದ ಮೇಜು, ಯಾರು ಪಾಸು ಮಾಡಿದ್ದು, ಅವಳು ಬಾಯಿ ತೆರೆದಳು, ತೆರೆದೇ ಇದ್ದಳು ಎಂದು ಅವಳಿಗೆ ಈಗಲೂ ನಂಬಿಕೆ, ಅಷ್ಟರಲ್ಲಿ ಮೌನಿ ಸಾರ್ ಅವರ ಜೀವನದ ಅತಿ ಉದ್ದದ ವಾಕ್ಯ ಆಡಿದರು, ನಾನು ನೋಡಿ ಸರಿಯಿದೆ ಅಂದಮೇಲೇ ಇವರು ಸಹಿ ಹಾಕಿದ್ದು. ಅವರು ಆ ಕಾರ್ಡುಗಳನ್ನು ನೋಡಿಯೇ ಇರಲಿಲ್ಲ, ತೆರೆದ ಬಾಯನ್ನು ಅವಳು ಮುಚ್ಚಿಕೊಂಡಳು. ಅವರನ್ನು ಗೋಡೌನಿಗೆ ಹಾಕಿದರು, ಮೂರು ವರ್ಷ, ನಿವೃತ್ತಿಯವರೆಗೆ ಖಾಲಿ ಡ್ರಮ್ಮು ಎಣಿಸಿದರು, ಊಟದ ಹೊತ್ತಿನಲ್ಲಿ ಎದುರಾದರೆ ಅವಳು ಸಾರ್ ಅನ್ನುತ್ತಿದ್ದಳು, ಅವರು ಹೂಂ ಅನ್ನುತ್ತಿದ್ದರು, ಗಂಡನಿಗೂ ಹೇಳಿರಲಿಲ್ಲ, ಡಬ್ಬದ ದೋಷವಂತೆ ಅಂದಿದ್ದಳು.

ಅಂದು ಬಾಯಲ್ಲಿ, ಇಂದು ಬರಹದಲ್ಲಿ, ಒಂದೇ ಉಪಕಾರವನ್ನು ಎರಡು ಸಲ ಉಣ್ಣುವುದೇ, ಅದೂ ಹಸಿವಿದೆಯೆಂದು. ಹಸಿವೇನೋ ಇದೆ. ಗಂಡನ ಮಂಡಿ ಮೂರನೆಯ ಮಹಡಿಗೆ ಹತ್ತುವಾಗ ಕಟಕಟ ಅನ್ನುತ್ತದೆ, ಲಿಫ್ಟು ರಿಪೇರಿಯವನು ಮೆಟ್ಟಿಲು ಹತ್ತಲೇಬೇಕು, ಲಿಫ್ಟು ಕೆಟ್ಟಿರುತ್ತದಲ್ಲ, ನಾಳೆ ಹತ್ತು ಗಂಟೆಗೆ ಆ ಹೆಂಗಸು ಪುಟ ತೆರೆದಾಗ ಶಿಫಾರಸಿನ ಜಾಗ ಖಾಲಿಯಿದ್ದರೆ ಮುಂದಿನ ಹೆಸರಿಗೆ ಹೋಗುತ್ತಾಳೆ, ಆರು ಸೆಕೆಂಡು, ತೋರಿಸಿ ಒತ್ತು, ಒತ್ತಿಬಿಡು, ಯಾರು ಕೇಳುತ್ತಾರೆ, ಕಾರ್ಖಾನೆಯೇ ಇಲ್ಲ, ಆ ಗೋಡೆಗೆ ಅದರ ಮೇಲೆ ಇನ್ಯಾವುದೋ ಬಣ್ಣ ಬಿದ್ದಾಯಿತು, ಟ್ಯೂಬಿನ ಬೆಳಕಿನಲ್ಲಿ ಎಷ್ಟು ಚೆನ್ನಾಗಿದೆ ಆ ಸಾಲು, ಒಂದೇ ಒಂದು ಬ್ಯಾಚೂ, ಟಿಕ್, ಹಗಲು ಬೆಳಕು — ಊಹೂಂ. ಅವಳು ಎದ್ದು ನಲ್ಲಿಯ ನೀರು ಹಿಡಿದು ಒಂದು ಲೋಟ ಗಟಗಟ ಕುಡಿದಳು, ಬಂದು ಕೂತಳು, ಬದಲಾವಣೆ ಕೇಳಿ ಒತ್ತಿ ಬರೆದಳು. ಸಾರ್, ಐದನೆಯ ಸಾಲು ತೆಗೆಯಬೇಕು. ನಿಮಗೆ ಗೊತ್ತಿದೆ ಏಕೆಂದು. ಕಳಿಸಿದಳು. ಮುದುಕರು ಮಲಗಿರುತ್ತಾರೆ, ಬೆಳಿಗ್ಗೆ ನೋಡುತ್ತಾರೆ, ಬೆಳಿಗ್ಗೆ ಕನ್ನಡಕ ಹುಡುಕುವುದರಲ್ಲೇ ಹತ್ತಾಗುತ್ತದೆ, ಆಗಲಿ, ನಾದಿನಿ ಬೈಯುತ್ತಾಳೆ, ಬೈಯಲಿ. ಟವೆಲಿನ ಮೇಲೆ ಟಿಕ್ ಎಂದಿತು. ಊಹೂಂ. ಬರೆದರೂ ಅಷ್ಟೇ! ಅವಳಿಗೆ ನಗು ಬಂತು, ಬಾಯಿಗೆ ಅಂಗೈ ಒತ್ತಿಕೊಂಡು ನಕ್ಕಳು, ಒಳಗಿಂದ ಗಂಡ ಮಗ್ಗುಲು ಬದಲಿಸಿ, ಏನೇ ಅದು, ಇನ್ನೂ ಮಲಗಿಲ್ವಾ, ಏನಿಲ್ಲ ಮಲ್ಕೊಳ್ಳಿ, ಯಾರೋ ಜೋಕು ಕಳಿಸಿದಾರೆ, ಸರಿ ಸರಿ, ನನಗೂ ಬೆಳಿಗ್ಗೆ ಹೇಳು. ಗೊರಕೆ ಮತ್ತೆ ತನ್ನ ಹಳಿಗೆ ಬಂತು. ಊಹೂಂ ಎಂದರೆ ಊಹೂಂ, ಡ್ರಮ್ಮು ಮತ್ತೆ ಕಡಾಯಿಗೆ, ಹನ್ನೆರಡು ವರ್ಷ ಅದನ್ನು ಅವಳು ಒಮ್ಮೆಯೂ ಪ್ರಶ್ನಿಸಿದವಳಲ್ಲ.

ಅವಳು ಲ್ಯಾಪ್‌ಟಾಪಿನತ್ತ ತಿರುಗಿದಳು, ನಿಮ್ಮ ಬಗ್ಗೆ ಬರೆಯಿರಿ, ಒಂದು ವಾರ ಖಾಲಿಯಿದ್ದ ಚೌಕ, ಏನು ಬರೆಯುವುದೆಂದು ಈಗ ಕೇಳಬೇಕಾಗಿರಲಿಲ್ಲ, ಹದಿನೇಳು ವರ್ಷ ಬಣ್ಣ ಹೊಂದಿಸಿದ್ದೇನೆ, ಎರಡು ಸಾವಿರಕ್ಕೂ ಹೆಚ್ಚು, ದಿನಕ್ಕೆ ಎಂಟು ಬ್ಯಾಚು, ಇಷ್ಟು ನಾದಿನಿಗಾಗಿ, ಆಮೇಲೆ ಅವಳ ಸ್ವಂತದ್ದು, ಒಮ್ಮೆ ತಪ್ಪು ದೀಪವೆಂದು ತಿಳಿದೂ ಅದರ ಕೆಳಗೆ ಒಂದು ಬ್ಯಾಚು ಪಾಸು ಮಾಡಿದೆ, ಅದು ವಾಪಸು ಬಂತು. ಅಂದಿನಿಂದ ಬಣ್ಣ ನೋಡುವ ಮೊದಲು ದೀಪ ನೋಡುತ್ತೇನೆ. ಲಾರಿ ಕಾಯಲಿ. ಕೊನೆಯ ಎರಡು ಮಾತು ಇರಲೋ ಬೇಡವೋ, ಇರಲಿ, ಮೂರೂ ಸ್ವಿಚ್ಚಿನ ಕೆಳಗೆ ಹಿಡಿದು ನೋಡಿದಳು, ಒಂದೇ ಬಣ್ಣ. ಉಳಿಸು ಒತ್ತಿದಳು, ಅಷ್ಟನ್ನೂ ಹಾಗೆಯೇ ಅವರಿಗೆ ಕಳಿಸಿ ಕೆಳಗೆ ಬರೆದಳು, ಸಾರ್, ಇದು ನನ್ನ ಪುಟಕ್ಕೆ ಹೋಗಿಯಾಯಿತು. ನಿಮ್ಮ ಐದನೆಯ ಸಾಲು ಇದರ ಪಕ್ಕದಲ್ಲಿ ನಿಲ್ಲುವುದಿಲ್ಲ. ಅಂದು ಆ ಕೋಣೆಯಲ್ಲಿ ನಾನು ಆಡಬೇಕಿದ್ದ ಮಾತು ಇದು. ಹನ್ನೆರಡೂಕಾಲು. ಹನ್ನೆರಡೂವರೆ. ಮೂರು ಬಿಳಿಯ ಗೋಡೆ. ಫ್ರಿಜ್ಜು ಒಮ್ಮೆ ನಡುಗಿ ನಿಂತಿತು, ಅವರು ಎದ್ದು ಕೂತಿರಬಹುದು, ಬೇಸರ ಮಾಡಿಕೊಂಡು ಬರೆದದ್ದನ್ನೆಲ್ಲ ಅಳಿಸುತ್ತಿರಬಹುದು, ಅಳಿಸಲಿ, ಖಾಲಿ ಜಾಗವಿಟ್ಟುಕೊಂಡೇ ಹತ್ತು ಗಂಟೆಯನ್ನು ಎದುರಿಸುತ್ತೇನೆ, ಇದಾಗದಿದ್ದರೆ ಇನ್ನೊಂದು ಕಂಪನಿ, ಅದಾಗದಿದ್ದರೆ ಮತ್ತೊಂದು, ಕಣ್ಣೇನು ಎಲ್ಲಿಗೂ ಹೋಗಿಲ್ಲ — ಟಿಕ್. ಹೂಂ. ಅಷ್ಟೇ. ಅದರ ಕೆಳಗೆ ಶಿಫಾರಸು ಮತ್ತೆ ಬಂದಿತ್ತು, ಆರು ಸಾಲಿದ್ದದ್ದು ಏಳಾಗಿತ್ತು, ಐದನೆಯದು, ಇವರು ಪಾಸು ಮಾಡಿದ ಒಂದು ಬ್ಯಾಚು ವಾಪಸು ಬಂದಿದೆ, ಆರನೆಯದು, ಎರಡನೆಯದು ಬಂದಿಲ್ಲ, ಏಳನೆಯದು, ಕೆಲಸ ಕೊಡಿ.

ತೋರಿಸಿ ಒತ್ತಿದಳು. ಬೆಳಿಗ್ಗೆ ನಾದಿನಿ ಫೋನು ಮಾಡಿ ಕಿರುಚುವುದು ಈಗಲೇ ಕೇಳಿಸುತ್ತಿದೆ, ಇದೇನ್ ಅತ್ತಿಗೆ, ವಾಪಸ್ ಬಂದಿದೆ ಅಂತ ಯಾರಾದ್ರೂ ಬರೆಸ್ಕೊಳ್ತಾರಾ, ತೆಗೆಸಿ, ಇನ್ನೂ ಟೈಮಿದೆ, ಇರಲಿ ಬಿಡೇ ಎನ್ನುವುದು, ಗಂಡ ಜೋಕು ಏನಿತ್ತು ಎಂದರೆ ಮರೆತುಹೋಯಿತು ಎನ್ನುವುದು. ತಪ್ಪು ತನ್ನದು, ಅದು ಪುಟದ ಮೇಲಿದೆ, ಬೇಕಾದವರು ಓದಲಿ, ಆದರೆ ಮೊದಲು ಬಂದ ಆ ಆರು ಸಾಲು, ಮಾಲೀಕರ ಕೋಣೆಯ ಆ ಉದ್ದ ವಾಕ್ಯ, ಗೋಡೌನಿನ ಮೂರು ವರ್ಷ, ಅವು ಅವರವು, ಅವರಾಗಿ ಯಾರಿಗೂ ಹೇಳದ್ದನ್ನು ತಾನು ಯಾರಿಗೂ ಹೇಳಬಾರದು, ನಾದಿನಿಗೂ, ಗಂಡನಿಗೂ, ಕೆಲಸ ಸಿಕ್ಕರೂ, ಸಿಗದಿದ್ದರೂ. ಅವಳು ಲ್ಯಾಪ್‌ಟಾಪು ಮುಚ್ಚಿದಳು, ಅಡುಗೆಮನೆಯ ದೀಪ ಆರಿಸಲು ಕೈ ಚಾಚಿದಳು, ಬೆರಳು ಸ್ವಿಚ್ಚಿನ ಮೇಲೆಯೇ ನಿಂತಿತು, ಮನಸ್ಸಿನಲ್ಲಿ ಆ ದೀಪದ ಪೆಟ್ಟಿಗೆ, ಅದರೊಳಗೆ ಅಂದು ಮತ್ತೆ ನೋಡದೆ ಬಿಟ್ಟ ಎರಡು ಕಾರ್ಡು, ಅಂಚಿಗೆ ಅಂಚು, ಟಿಕ್, ಹಸಿರು, ಹಸಿರು, ಟಿಕ್, ಹಗಲು ಬೆಳಕು, ಹಸಿರು, ಬೂದಿ. ಎರಡು ಕಾರ್ಡು. ಹಸಿರು, ಬೂದಿ.