ಬಾಗಿಲು ಹಾಳೆಯ ಆಚೆ

"ಇವತ್ತು ನೀನು ಕಿಟಕಿ ಕಡೆ ನಿಂತ್ಕೋ. ಬಿಸಿಲು ನನ್ನ ಕಣ್ಣಿಗೆ ಹೊಡೀತಿದೆ," ಎಂದಳು ಅತ್ತೆ ಪೆರ್ಪೆತುವಾ.

ಜುಲ್ಮೀರಾ ಕಂಬಿ ಕಿಟಕಿಯ ಕಡೆಗೆ ಹೋದಳು. ಅತ್ತೆಯೊಡನೆ ಇದು ಕೊನೆಯ ದಿನ, ಸುಮ್ಮನೆ ಜಗಳ ಯಾಕೆ? ಅವಳು ಗುಟ್ಟಾಗಿ ಕಟ್ಟಿಟ್ಟ ಬಟ್ಟೆಯ ಚೀಲ ಉಗ್ರಾಣದಲ್ಲಿ ಸಕ್ಕರೆ ಮೂಟೆಗಳ ಮರೆಯಲ್ಲಿತ್ತು. ಮಧ್ಯಾಹ್ನ ಊರಿನ ಬೆಲ್ಮಿರೊನ ಬಾಡಿಗೆ ವ್ಯಾನು ಪ್ಯಾರಿಸ್ಸಿಗೆ ಹೊರಡುತ್ತದೆ. ಅಲ್ಲಿ ತಂಗಿ ಗ್ರಾಸಿಯೆಟ್ ಮಿಠಾಯಿ ಅಂಗಡಿ ಹಾಕಿದ್ದಾಳೆ.

"ಕೆನೆ ತುಂಬಿದ ನಾಟಾ ಮಿಠಾಯಿ ಎಲ್ಲರೂ ಸುಡ್ತಾರೆ ಕಣಕ್ಕಾ," ಎಂದಿದ್ದಳು ಅವಳು ಫೋನಿನಲ್ಲಿ. "ಮಕಾವಿನ ಚೀನೀಯರೂ ಸುಡ್ತಾರೆ. ನಮ್ಮ ತೆಂತುಗಲ್ ಊರಿನ ಮಿಠಾಯಿಗೆ ಹಿಟ್ಟಿನ ಹಾಳೆ ಎಳೆಯೋ ಕೈ ಮಾತ್ರ ಇಲ್ಲಿ ಒಂದೂ ಇಲ್ಲ. ಬಂದ್ಬಿಡು. ಆ ಮುದುಕಿ ಜೊತೆ ಇನ್ನೂ ಎಷ್ಟು ದಿನ ಸಾಯ್ತೀಯ?"

ಗಂಡ ಸತ್ತ ಮೇಲೂ ಜುಲ್ಮೀರಾ ಇದೇ ಕೋಣೆಯಲ್ಲಿ ಉಳಿದಿದ್ದಳು. ಪೆರ್ಪೆತುವಾ ಸೊಸೆಯನ್ನು ಹೊಡೆದವಳಲ್ಲ, ಬೈದವಳೂ ಅಲ್ಲ. ಇವಳೇ ನನ್ನ ಎರಡು ಕೈ ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು, ಅಷ್ಟೆ. ಕೈಯನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ, ನೀವೇ ಹೇಳಿ.

ಇಬ್ಬರೂ ಬಿಳಿ ಕಾಲುಚೀಲ ತೊಟ್ಟು, ನೆಲಕ್ಕೆಲ್ಲ ಹಾಸಿದ ಬಿಳಿ ಬಟ್ಟೆಯ ಎರಡು ತುದಿಗೆ ನಿಂತು ಹಿಟ್ಟಿನ ಮುದ್ದೆಯನ್ನು ಎಳೆಯತೊಡಗಿದರು. ಅದರಲ್ಲಿ ಮೈದಾ, ನೀರು ಬಿಟ್ಟರೆ ಬೇರೇನಿಲ್ಲ. ಅಂಚು ಹಿಡಿದು ಎತ್ತಿ ಕೊಡವಿದಾಗ ಅಡಿಯಲ್ಲಿ ಗಾಳಿ ತುಂಬಿ ಹಾಳೆ ಉಬ್ಬುತ್ತದೆ, ಇನ್ನಷ್ಟು ತೆಳುವಾಗಿ ಕೆಳಗಿಳಿಯುತ್ತದೆ. ಬಟ್ಟೆಯ ನೂಲು ಕಾಣುವವರೆಗೆ ಎಳೆಯಬೇಕು. ಆಮೇಲೆ ಅದು ಒಣಗುವ ತನಕ ಬಾಗಿಲು ತೆರೆಯುವಂತಿಲ್ಲ, ಗಾಳಿ ಸೋಕಿದರೆ ಸೀಳಿಹೋಗುತ್ತದೆ. ಹಾಳೆ ಹಾಸಿದ ಮನೆಯ ಬಾಗಿಲು ತಟ್ಟಬಾರದೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು.

ಇವತ್ತು ಪೆರ್ಪೆತುವಾ ಎಳೆದೇ ಎಳೆದಳು. ಹಾಳೆ ಗೋಡೆಯಿಂದ ಗೋಡೆಗೆ ಬಂತು.

"ಸಾಕಲ್ವಾ ಅತ್ತೆ? ಓಡಾಡೋಕೂ ಜಾಗ ಉಳೀಲಿಲ್ಲ."

"ಓಡಾಡ್ಕೊಂಡು ಎಲ್ಲಿಗೆ ಹೋಗ್ಬೇಕು ನಿಂಗೆ?"

ಹೊರಗೆ ಹಾರ್ನ್ ಕೇಳಿಸಿತು. ಕಿಟಕಿಯ ಗಾಜಿನಾಚೆ ಬೆಲ್ಮಿರೊನ ವ್ಯಾನು ನಿಂತಿತ್ತು. ಜುಲ್ಮೀರಾ ತಿರುಗಿ ನೋಡಿದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಅತ್ತೆಯ ಮುಖದ ತುಂಬ ಬಿಸಿಲು ಬಿದ್ದಿತ್ತು. ಕಿಟಕಿಗೆ ಬೆನ್ನು ಹಾಕಿ ನಿಲ್ಲುವ ತನ್ನ ಎಂದಿನ ಜಾಗ ಬಿಟ್ಟು, ಬಾಗಿಲು ತನ್ನ ಕಡೆ ಇರಲೆಂದೇ ಬಿಸಿಲಿಗೆ ಹೋಗಿ ನಿಂತಿದ್ದಳು ಮುದುಕಿ.

"ಚೀಲ ನೋಡಿದ್ರಾ?"

"ಸಕ್ಕರೆ ತರೋಕೆ ಹೋದಾಗ ಕಾಲಿಗೆ ಸಿಕ್ತು. ಹೋಗು ತಾಯಿ, ನಿನ್ನ ಹಿಡ್ಕೊಂಡೋರು ಯಾರು? ಒಣಗಿದ ಮೇಲೆ ಹೋಗು."

"ಅವನು ಕಾಯಲ್ಲ. ವ್ಯಾನ್ ತುಂಬ ಜನ ಇದ್ದಾರೆ."

"ಹಾಗಾದ್ರೆ ತುಳ್ಕೊಂಡು ಹೋಗು."

ಮತ್ತೆ ಹಾರ್ನ್ ಆಯಿತು. ಹಾಳಾಗಿ ಹೋಗಲಿ, ಬರೀ ಹಿಟ್ಟು ನೀರು ತಾನೇ ಎಂದುಕೊಂಡು ಜುಲ್ಮೀರಾ ಬಲಗಾಲನ್ನು ಹಾಳೆಯ ಮೇಲಿಟ್ಟಳು. ಜೀವಮಾನದಲ್ಲಿ ಇಟ್ಟವಳಲ್ಲ. ಹಸಿ ಹಿಟ್ಟು ಕಾಲುಚೀಲಕ್ಕೆ ಅಂಟಿತು. ಪರ್ರನೆ ಒಂದು ಸೀಳು ಹೊರಟು ನಡುವಿನತ್ತ ಓಡಿತು.

ಅವಳಿಗೆ ಅರಿವಾಗುವ ಮೊದಲೇ ಮೈ ಬಾಗಿತ್ತು. ಮಂಡಿಯೂರಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡು, ಸೀಳಿನ ಎರಡು ಅಂಚನ್ನೂ ಕೂಡಿಸಿ ಒತ್ತುತ್ತಾ ಬಂದಳು. ಆಚೆ ತುದಿಯಲ್ಲಿ ಅತ್ತೆಯೂ ಮಂಡಿಯೂರಿ ಹಾಳೆ ಜಗ್ಗದಂತೆ ಹಿಡಿದಿದ್ದಳು.

ಸೀಳು ನಿಂತಿತು. ಅವಳು ತಲೆ ಎತ್ತುವಷ್ಟರಲ್ಲಿ ವ್ಯಾನಿನ ಸದ್ದು ಕೊಯಿಂಬ್ರಾ ರಸ್ತೆಗೆ ತಿರುಗಿಯಾಗಿತ್ತು.

ಜುಲ್ಮೀರಾ ತನ್ನ ಕೈಗಳನ್ನು ನೋಡಿಕೊಂಡಳು. ಅತ್ತೆಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವುಗಳ ಮೇಲೆ ಬಂತು. ಕತ್ತರಿಸಿ ಎಸೆಯಬೇಕೆನ್ನಿಸಿತು.

ಹಾಳೆ ಒಣಗಿದ ಮೇಲೆ ಪೆರ್ಪೆತುವಾ ಚಾಕು ತಂದಳು. ಹೆಜ್ಜೆಯ ಗುರುತಿನ ಸುತ್ತ ನಿಧಾನವಾಗಿ ಕೊಯ್ದು, ಆ ತುಂಡನ್ನು ಎತ್ತಿ ಪಕ್ಕಕ್ಕಿಟ್ಟಳು.

"ಇಷ್ಟೇ ಹೋಗಿದ್ದು," ಎಂದಳು. "ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಬಾ, ಮಡಚು."

ಹಾಳೆಯ ಅಂಚಿನಲ್ಲಿ ಒಂದು ಪಾದದಷ್ಟು ತೂತು ಉಳಿದಿತ್ತು. ಬೆರಳುಗಳು ಬಾಗಿಲ ಕಡೆಗಿದ್ದವು.